ಕೆರೆ, ಪ್ಲೇಗು, ಮಿಲ್ಲು: ಬೆಂಗಳೂರಿನ ದೇವರುಗಳನ್ನು ಇಸವಿ ಹಾಕಿ ನೋಡುವುದು

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ "ನಂಬಿಕೆ, ನಗರ ಮತ್ತು ಚಳವಳಿ" ಎಂದು ಹಾಕಿದ್ದಾರೆ. ಇಷ್ಟು ದೊಡ್ಡ ವಿಷಯವನ್ನು ಒಂದು ಸಂಜೆಯಲ್ಲಿ ಮುಗಿಸುವುದು ಆಗದ ಮಾತು. ಹಾಗಾಗಿ ನಾನು ಒಂದೇ ಊರು ಹಿಡಿದುಕೊಂಡಿದ್ದೇನೆ. ನಾವೆಲ್ಲ ಬೈದುಕೊಂಡು ಬದುಕುತ್ತಿರುವ ಈ ಬೆಂಗಳೂರು.

ಕರಗ, ಪರಿಷೆ, ತೇರು, ಅಣ್ಣಮ್ಮನ ಉತ್ಸವ ಇವನ್ನು ನೋಡಿದಾಗ ನಮ್ಮಲ್ಲಿ ಬಹಳ ಜನ ಹೇಳುವುದು ಒಂದೇ. "ಇದೆಲ್ಲ ಹಳ್ಳಿ ಕಾಲದ್ದು, ಊರು ಇಷ್ಟು ಬೆಳೆದರೂ ಹೇಗೋ ಉಳಿದುಕೊಂಡಿದೆ ನೋಡಿ" ಅಂತ. ಕೆಲವರು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೇಜಾರಿನಿಂದ ಹೇಳುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಿಲ್ಲ. ಇವುಗಳಲ್ಲಿ ಎಷ್ಟೋ ಆಚರಣೆಗಳು ಈಗಿನ ರೂಪಕ್ಕೆ ಬಂದಿದ್ದು ಊರು ಬೆಳೆದರೂ ಅಲ್ಲ, ಊರು ಬೆಳೆದದ್ದರಿಂದಲೇ. ಕೆರೆ ಹೋಯಿತು, ಪ್ಲೇಗು ಬಂತು, ಮಿಲ್ಲು ಬಂತು, ಮಿಲ್ಲು ಹೋಗಿ ಗಾರ್ಮೆಂಟ್ಸ್ ಬಂತು. ಪ್ರತಿ ಸಲವೂ ಇಲ್ಲಿನ ದೇವರಿಗೆ ಹೊಸ ಕೆಲಸ ಬಿತ್ತು. ಹೋರಾಟಗಳೂ ಹಾಗೇ. ಅವು ನಡೆದ ಬೀದಿ ಬಹಳ ಸಲ ದೇವರ ಮೆರವಣಿಗೆ ನಡೆದ ಬೀದಿಯೇ.

ಅದಕ್ಕೇ ನಾನು ಯಾವ ಆಚರಣೆ ನೋಡಿದರೂ ಮೊದಲು ಇಸವಿ ಕೇಳುತ್ತೇನೆ. ಆಮೇಲೆ, ಆಗ ಇಲ್ಲಿ ಯಾರು ಏನು ಕೆಲಸ ಮಾಡಿಕೊಂಡಿದ್ದರು ಅಂತ ಕೇಳುತ್ತೇನೆ.

ಕರಗದಿಂದಲೇ ಶುರು ಮಾಡೋಣ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೂವಿನ ಕರಗ ಹೊರಡುತ್ತದೆ. ಹೊತ್ತವರು ಹೆಣ್ಣಿನ ವೇಷದಲ್ಲಿರುತ್ತಾರೆ. ತಲೆಯ ಮೇಲಿನ ಕರಗ ಮಲ್ಲಿಗೆಯಲ್ಲಿ ಮುಚ್ಚಿಹೋಗಿರುತ್ತದೆ, ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. "ಗೋವಿಂದ, ಗೋವಿಂದ" ಅನ್ನೋ ಕೂಗು. ದ್ರೌಪದಿ ವರ್ಷಕ್ಕೊಮ್ಮೆ ತನ್ನ ಮಕ್ಕಳಾದ ವೀರಕುಮಾರರನ್ನು ನೋಡಲು ಬರುತ್ತಾಳೆ ಎನ್ನುವುದು ನಂಬಿಕೆ. ಇಷ್ಟು ನಿಮಗೆಲ್ಲ ಗೊತ್ತಿರುವುದೇ.

ಈಗ ಇದನ್ನು ಮಾಡುವವರು ಯಾರು ಎಂದು ನೋಡಿ. ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು. ಅವರ ಕೆಲಸ ತೋಟಗಾರಿಕೆ. ಹೂವು, ಸೊಪ್ಪು, ತರಕಾರಿ. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ ಕಾಲದಿಂದ ಈ ಊರಿನ ತೋಟಗಳಿಗೂ ತಿಗಳರಿಗೂ ನಂಟು ಗಟ್ಟಿಯಾಗಿದೆ. ತೋಟ ಮಾಡುವವರಿಗೆ ಮೊದಲು ಬೇಕಾದದ್ದು ನೀರು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ, ಇಲ್ಲಿನ ನೀರು ಹೆಚ್ಚಾಗಿ ಕೆರೆ ನೀರು. ಪೇಟೆಯ ಪೂರ್ವಕ್ಕೆ ಸಂಪಂಗಿ ಕೆರೆ, ಪಶ್ಚಿಮಕ್ಕೆ ಧರ್ಮಾಂಬುಧಿ, ತೆಂಕಣಕ್ಕೆ ಕೆಂಪಾಂಬುಧಿ. ಕರಗದ ಶಕ್ತಿ ನೀರಿನಿಂದ ಎದ್ದು ಬರುತ್ತದೆ ಅನ್ನುವುದು ತೋಟಗಾರರ ಬಾಯಲ್ಲಿ ಬಂದರೆ ಆಶ್ಚರ್ಯ ಏನೂ ಇಲ್ಲ, ಅಲ್ವಾ?

1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಒಳ್ಳೆಯದೇ ಆಯಿತು, ಯಾರೂ ಬೇಡ ಅನ್ನುವ ಹಾಗಿರಲಿಲ್ಲ. ಆದರೆ ಕುಡಿಯುವ ನೀರು ದೂರದಿಂದ ಪೈಪಿನಲ್ಲಿ ಬರೋಕೆ ಶುರುವಾದ ಮೇಲೆ ಊರ ನಡುವಿನ ಕೆರೆ ಯಾರಿಗೆ ಬೇಕು? ನಗರದ ಲೆಕ್ಕದಲ್ಲಿ ಅದು ಸೊಳ್ಳೆ ಹುಟ್ಟುವ ಗುಂಡಿ, ಇಲ್ಲಾಂದ್ರೆ ಖಾಲಿ ಸೈಟು. ಧರ್ಮಾಂಬುಧಿ ಒಣಗಿ ಮೈದಾನವಾಗಿ ಕೊನೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆಗ ಕೆರೆ ಕೆಳಗಿನ ತೋಟಗಳ ಕತೆ ಏನಾಗಿರಬೇಕು ಎಂದು ನೀವೇ ಯೋಚಿಸಿ.

ಇಷ್ಟೆಲ್ಲ ಆದರೂ ಹೂವಿನ ಕರಗಕ್ಕೆ ಮೊದಲು ನಡೆಯುವ ಹಸಿ ಕರಗ ಇವತ್ತಿಗೂ ಬರುವುದು ಸಂಪಂಗಿ ಕೆರೆಯ ಅಂಗಳದಿಂದಲೇ. ಕೆರೆ ಹೋದರೂ ಅದಕ್ಕೋಸ್ಕರ ಒಂದು ಚಿಕ್ಕ ಕುಂಟೆ ಉಳಿದಿದೆ. ಕಂಠೀರವದ ಪಕ್ಕ ದಿನಾ ಓಡಾಡುವ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿಲ್ಲ. ನಗರದ ನಕ್ಷೆಯಲ್ಲಿ ಅಲ್ಲೊಂದು ಸ್ಟೇಡಿಯಂ ಇದೆ. ಕರಗದ ನಕ್ಷೆಯಲ್ಲಿ ಅಲ್ಲಿ ಈಗಲೂ ಕೆರೆಯೇ ಇದೆ. ಸಂಪ್ರದಾಯ ಎಂದು ನಾವು ಕರೆಯುವುದರಲ್ಲಿ ಒಂದು ಸಮುದಾಯದ ಜಮೀನಿನ ದಾಖಲೆಯೂ ಅಡಗಿರುತ್ತದೆ ಎಂದು ನನಗೆ ಅನಿಸುವುದು ಇದಕ್ಕೇ. ಆ ಕುಂಟೆಗೆ ಪಹಣಿ ಇದೆಯೋ ಇಲ್ಲವೋ, ವರ್ಷಕ್ಕೊಮ್ಮೆ ಸಾವಿರಾರು ಜನ ಬಂದು "ಇದು ನಮ್ಮ ಜಾಗ" ಎಂದು ತೋರಿಸಿಹೋಗುತ್ತಾರೆ.

ಇನ್ನೊಂದು ಜಾಗವನ್ನೂ ಹತ್ತಿರದಿಂದ ನೋಡಬೇಕು. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ. ಬೆಳಗಿನ ಜಾವಕ್ಕೆ ಸ್ವಲ್ಪ ಮೊದಲು ಅಲ್ಲಿ ನಿಂತಿದ್ದರೆ ತಮಟೆ ಸದ್ದು ದೂರದಿಂದ ಕೇಳುತ್ತದೆ. ದರ್ಗಾದ ಮುಂದೆ ಜನ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ. ಮೊದಲು ಕತ್ತಿ ಹಿಡಿದ ಹುಡುಗರು ಓಡಿಬರುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿರುತ್ತದೆ. ಆಮೇಲೆ ಮಲ್ಲಿಗೆ ವಾಸನೆ, ಅದರ ಹಿಂದೆ ಕರಗ. ಒಳಗೆ ಹೋಗಿ ಬರುವುದು ಕೆಲವೇ ನಿಮಿಷದ ಕೆಲಸ. ಅಷ್ಟರಲ್ಲಿ ಊದಿನಕಡ್ಡಿ, ಸಾಂಬ್ರಾಣಿ, ಮಲ್ಲಿಗೆ ಎಲ್ಲ ಒಂದಾಗಿಬಿಡುತ್ತದೆ.

ಇದನ್ನು ಭಾಷಣಗಳಲ್ಲಿ "ಕೋಮು ಸೌಹಾರ್ದದ ಸಂಕೇತ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಸುಮ್ನೆ ಹಾಗೆ ಹೇಳಿ ಮುಂದೆ ಹೋದರೆ ಅಲ್ಲಿನ ಚರಿತ್ರೆ ಕೈ ತಪ್ಪುತ್ತದೆ. ಮಸ್ತಾನ್ ಸಾಬರ ಬಗ್ಗೆ ಇರುವ ಕತೆಗಳು ಅವರನ್ನು ಹೈದರ್-ಟಿಪ್ಪು ಕಾಲಕ್ಕೆ ಸೇರಿಸುತ್ತವೆ. ಒಂದು ಕತೆಯಲ್ಲಿ ಅವರು ಕುದುರೆ ವ್ಯಾಪಾರಿ, ಇನ್ನೊಂದರಲ್ಲಿ ಕೋಟೆ ಕಟ್ಟುವಾಗ ಕಲ್ಲು ಮಣ್ಣು ಹೊತ್ತವರು. ಹೇಗೆ ನೋಡಿದರೂ ಅವರೊಬ್ಬ ಪೇಟೆಯ ಮನುಷ್ಯ. ಪೇಟೆ ಎಂದರೆ ಕಸುಬಿನವರ ಊರು. ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೆಪೇಟೆ, ಅಕ್ಕಿಪೇಟೆ. ಇಲ್ಲಿ ಒಬ್ಬರ ಸರಕು ಇನ್ನೊಬ್ಬರಿಲ್ಲದೆ ಸಾಗುವುದಿಲ್ಲ. ಹೂವು ಬೆಳೆಯುವವನಿಗೂ ಬಟ್ಟೆ ನೇಯುವವನಿಗೂ ಗಾಡಿ ಹೊಡೆಯುವವನಿಗೂ ದಿನಾ ಬೆಳಗಾದರೆ ಮುಖ ನೋಡುವ ಸಂಬಂಧ. ದರ್ಗಾದ ಮುಂದೆ ಕರಗ ನಿಲ್ಲುವುದಕ್ಕೆ ಈ ಸಂತೆಯ ಸಂಬಂಧವೂ ಒಂದು ಕಾರಣ ಎಂದು ನಾನು ಓದುತ್ತೇನೆ. ಅದನ್ನು ಯಾರೋ ಮೇಲಿನವರು ಆದೇಶ ಮಾಡಿ ತಂದಿದ್ದಲ್ಲ.

ಇಲ್ಲಿ ಪೇಟೆ ಅನ್ನುತ್ತಿರುವುದು ಕೆಂಪೇಗೌಡರು 1537ರ ಹೊತ್ತಿಗೆ ಕಟ್ಟಿಸಿದ ಹಳೇ ಊರನ್ನು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೈನ್ಯವನ್ನು ಇಲ್ಲಿಗೆ ತಂದು ದಂಡು, ಅಂದರೆ ಕಂಟೋನ್ಮೆಂಟ್ ಕಟ್ಟಿದರು. ಅಲ್ಲಿಂದ ಎರಡು ಊರು, ಎರಡು ಆಡಳಿತ. ದಂಡಿನ ಕಡೆ ತಮಿಳು ಮಾತಾಡುವ ಕೂಲಿಗಳು, ಸಿಪಾಯಿಗಳು, ಅಡುಗೆಯವರು, ವ್ಯಾಪಾರಿಗಳು ಬಂದು ನೆಲೆಸಿದರು. ಬ್ಲ್ಯಾಕ್‌ಪಲ್ಲಿ, ಅಂದರೆ ಈಗಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಬೆಳೆದದ್ದು ಇದೇ ಜನರ ಜೊತೆ. ಸೆಪ್ಟೆಂಬರ್ 8ರ ಹಬ್ಬದ ದಿನ ಅಲ್ಲಿ ಕಾವಿ ಸೀರೆ ಉಟ್ಟ ಹೆಂಗಸರು ಹರಕೆ ಹೊತ್ತು ಬರುತ್ತಾರೆ, ಮಾತೆಗೆ ತೇರು ಎಳೆಯುತ್ತಾರೆ. ಅದರಲ್ಲಿ ಎಷ್ಟೋ ಜನ ಕ್ರೈಸ್ತರಲ್ಲ. ಪೇಟೆ ಮತ್ತು ದಂಡು ಒಂದೇ ಪಾಲಿಕೆಗೆ ಸೇರಿದ್ದು 1949ರಲ್ಲಿ. ಅಷ್ಟರೊಳಗೆ ಎರಡೂ ಕಡೆಯ ದೇವರುಗಳು ಬೇರೆ ಬೇರೆ ಜನರನ್ನು ಸೇರಿಸಿಕೊಂಡು ಬೆಳೆದಿದ್ದರು.

ಈಗ ಪ್ಲೇಗಿಗೆ ಬರೋಣ. 1898ರ ಆಗಸ್ಟ್. ಮುಂಬಯಿ, ಪುಣೆ ಕಡೆಯಿಂದ ಹರಡಿದ ಪ್ಲೇಗು ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂತು. ಪೇಟೆ ಇಕ್ಕಟ್ಟು, ಇಲಿಗಳು ಜಾಸ್ತಿ. ಜನ ಸಾಯುತ್ತ ಹೋದರು. ಸರ್ಕಾರ ಮನೆ ಮನೆ ಹುಡುಕಿ ರೋಗಿಗಳನ್ನು ಬೇರೆ ಮಾಡಿತು, ಮನೆಗಳ ಹೆಂಚು ತೆಗೆಸಿತು, ಊರ ಹೊರಗೆ ಗುಡಿಸಲು ಹಾಕಿಸಿತು. ಹೆಣ ಸಾಗಿಸುವುದಕ್ಕೂ ಅಪ್ಪಣೆ ಬೇಕಾಯಿತು. ಒಂದು ಕುಟುಂಬಕ್ಕೆ ಇದು ಎಷ್ಟು ಭಯದ ವಿಷಯ ಎಂದು ಕೊರೊನಾ ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಹತ್ತಿರದ ಗಂಜಾಂನಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ದೊಡ್ಡ ಗಲಾಟೆಯೇ ಆಯಿತು. "ಜನ ಮೂಢರು, ವಿಜ್ಞಾನ ತಿಳಿಯದವರು" ಎಂದು ಅಧಿಕಾರಿಗಳು ಬರೆದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮನೆಯ ಸಾವಿಗೆ ಮನೆಯವರೇ ಕೈ ಹಾಕುವ ಹಾಗಿಲ್ಲ ಎಂದಾಗ ಎದ್ದ ಸಿಟ್ಟನ್ನು ಬರೀ ಮೌಢ್ಯ ಅಂದುಬಿಟ್ಟರೆ ಆಗುವುದಿಲ್ಲ.

ಈ ಊರಿನ ಗಲ್ಲಿಗಳಲ್ಲಿ ಪ್ಲೇಗಿನ ಅಮ್ಮನ ಗುಡಿಗಳು ಇವೆ. ಪ್ಲೇಗಮ್ಮ, ಪ್ಲೇಗ್ ಮಾರಮ್ಮ. ಹೆಸರಿನಲ್ಲೇ ಇಸವಿ ಇದೆ, ಇವು 1898ಕ್ಕಿಂತ ಹಿಂದಿನವಾಗಲು ಸಾಧ್ಯವಿಲ್ಲ. ಸಿಡುಬಿಗೆ ಮಾರಮ್ಮ ಮೊದಲಿಂದ ಇದ್ದಳು. ಹೊಸ ರೋಗ ಬಂದಾಗ ಅವಳಿಗೇ ಹೊಸ ಖಾತೆ ಕೊಟ್ಟರು. ಮಂತ್ರಿಮಂಡಲದಲ್ಲಿ ಆಗುವುದೂ ಇದೇ, ಇರಲಿ.

ಪ್ಲೇಗಿನಿಂದ ಇನ್ನೊಂದು ಬದಲಾವಣೆಯಾಯಿತು. ಆಗಷ್ಟೇ ಯೋಜನೆಯಲ್ಲಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗಲು ಮುಗಿಬಿದ್ದರು. ಅಗಲ ರಸ್ತೆ, ಗಾಳಿ, ಬೆಳಕು, ಚರಂಡಿ. ಹೋದವರು ಯಾರು ಅಂತಲೂ ಕೇಳಬೇಕು. ಸೈಟು ಕೊಳ್ಳಲು ದುಡ್ಡಿದ್ದವರು, ಸರ್ಕಾರಿ ನೌಕರರು. ಬಸವನಗುಡಿಯನ್ನು ಹಂಚುವಾಗ ಜಾತಿ ನೋಡಿ ಬೇರೆ ಬೇರೆ ಭಾಗ ಮಾಡಿದ್ದರು. ಆಧುನಿಕ ನಗರ ಯೋಜನೆ ಎಂದು ನಾವು ಕರೆಯುವುದರ ಒಳಗೆ ಹಳೇ ಕೇರಿಯ ಲೆಕ್ಕ ಹಾಗೇ ಬಂದು ಕೂತಿತ್ತು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರ್ತಿಕದ ಕೊನೆಯ ಸೋಮವಾರ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗಿ ಮೇಯುತ್ತಿತ್ತು, ಅದಕ್ಕೆ ಮೊದಲ ಬೆಳೆ ಅರ್ಪಿಸುತ್ತೇವೆ ಎಂದು ರೈತರು ಹರಕೆ ಹೊತ್ತರು ಎಂಬುದು ಕತೆ. ಇದನ್ನು ಕೆಂಪೇಗೌಡರ ಕಾಲಕ್ಕೆ ಒಯ್ದು ಸೇರಿಸುವುದು ರೂಢಿ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಗಿಡ. ಪೋರ್ಚುಗೀಸರ ಕಾಲದ ಮೇಲೆ ಈ ಕಡೆ ಬಂದದ್ದು. ದಕ್ಷಿಣ ಭಾರತದಲ್ಲಿ ದೊಡ್ಡ ಬೆಳೆಯಾಗಿ ಹರಡಿದ್ದು 19ನೇ ಶತಮಾನದಲ್ಲಿ. ಹಾಗಾಗಿ ಬಸವ ಹಳೆಯದಿರಬಹುದು, ಪರಿಷೆಯ ಕಡಲೆಕಾಯಿ ಅಷ್ಟು ಹಳೆಯದಲ್ಲ. ಹೀಗಂದರೆ ಕೆಲವರಿಗೆ ಬೇಜಾರಾಗುತ್ತದೆ. ನನಗಂತೂ ಪರಿಷೆ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಹೊಲಗಳೆಲ್ಲ ಮನೆಯಾದ ಮೇಲೂ ಬೇರೆ ಜಿಲ್ಲೆಗಳಿಂದ, ತಮಿಳುನಾಡಿನಿಂದ ಮೂಟೆ ಮೂಟೆ ತಂದು ಅದೇ ರಸ್ತೆಯಲ್ಲಿ ಸುರಿಯುತ್ತಾರಲ್ಲ, ಅದನ್ನು ಯೋಚಿಸಿ.

ಈಗ ಸ್ವಲ್ಪ ಕಷ್ಟದ ಕತೆ. 1928ರ ಗಣೇಶನ ಗಲಾಟೆ.

ಸುಲ್ತಾನ್‌ಪೇಟೆಯ ಶಾಲೆಯೊಂದರ ಆವರಣದಲ್ಲಿ ಗಣೇಶನ ವಿಗ್ರಹ ಇತ್ತು. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಇದ್ದ ಜಾಗ ಅದು. ಆ ವಿಗ್ರಹದ ಜಾಗ ಮತ್ತು ಪೂಜೆಯ ಬಗ್ಗೆ ತಕರಾರು ಎದ್ದಿತು. ಜುಲೈನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮೆರವಣಿಗೆ, ಬಂಧನ, ಹೊಡೆದಾಟ. ಪತ್ರಿಕೆಗಳು ಕಾವು ಏರಿಸಿದವು. ಇಷ್ಟನ್ನೇ ಹೇಳಿದರೆ ಇದು ಒಂದು "ಹಿಂದೂ-ಮುಸ್ಲಿಂ ಗಲಭೆ". ಇವತ್ತಿನ ಯಾವುದಾದರೂ ಸುದ್ದಿ ಪಕ್ಕ ಇಟ್ಟು, "ನೋಡಿ, ಆಗಲೂ ಹೀಗೇ ಇತ್ತು" ಎಂದುಬಿಡಬಹುದು.

ಹಿಂದಿನ ಹತ್ತು ವರ್ಷವನ್ನು ಸೇರಿಸಿ ನೋಡಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೆ ಪಾಲು ಬೇಕು ಎಂಬ ಬೇಡಿಕೆಯಿಂದ ಹುಟ್ಟಿದ ಸಮಿತಿ ಅದು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ, ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ 1917ರಲ್ಲಿ. ಮೀಸಲಾತಿಯ ಈ ದಾರಿ ಒಪ್ಪದೆ ದಿವಾನ್ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. 1921ರಲ್ಲಿ ಹಿಂದುಳಿದವರಿಗೆ ಕೆಲಸದಲ್ಲಿ ಪಾಲು ಕೊಡುವ ಆದೇಶ ಬಂತು. 1926ರಲ್ಲಿ ಮಹಾರಾಜರ ಸಹಪಾಠಿ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ಇತ್ತ ಪೇಟೆಯಲ್ಲಿ ಕಾಂಗ್ರೆಸ್ಸು ಕಣ್ಣು ಬಿಡುತ್ತಿತ್ತು. ದಿವಾನರ ಆಡಳಿತವನ್ನು ನೇರವಾಗಿ ಪ್ರಶ್ನಿಸುವ ಜಾಗ ಜನರಿಗೆ ಕಡಿಮೆ ಇತ್ತು. ಕೆಲಸ ಕಳೆದುಕೊಳ್ಳುವ ಭಯ ಕೆಲವರಿಗೆ, ಕೆಲಸ ಸಿಗುವ ಆಸೆ ಕೆಲವರಿಗೆ, ಸರ್ಕಾರದಲ್ಲಿ ತಮ್ಮ ದನಿ ಬೇಕು ಎಂಬ ಒತ್ತಾಯ ಇನ್ನು ಕೆಲವರಿಗೆ. ಇಷ್ಟೆಲ್ಲ ಬಂದು ಶಾಲೆಯ ಅಂಗಳದ ಆ ಚಿಕ್ಕ ವಿಗ್ರಹದ ಸುತ್ತ ನಿಂತಿತು.

ಗಲಾಟೆಯ ವಿಚಾರಣೆಗೆ ಸರ್ಕಾರ ಸಮಿತಿ ಮಾಡಿತು. ಅದರ ಅಧ್ಯಕ್ಷರು ಯಾರು ಗೊತ್ತಾ? ಹತ್ತು ವರ್ಷದ ಹಿಂದೆ ದಿವಾನಗಿರಿ ಬಿಟ್ಟಿದ್ದ ಅದೇ ವಿಶ್ವೇಶ್ವರಯ್ಯನವರು. ಗಣೇಶನ ಪ್ರಶ್ನೆಯಿಂದ ಶುರುವಾದ ಚರ್ಚೆ ಜವಾಬ್ದಾರಿ ಸರ್ಕಾರದ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರದ ಪ್ರಶ್ನೆವರೆಗೂ ಹೋಯಿತು. ಇದರಿಂದ ಧರ್ಮದ ಭಾಗ ಬರೀ ನೆಪ ಎಂದು ನಾನು ಹೇಳುತ್ತಿಲ್ಲ. ಪೆಟ್ಟು ತಿಂದವರಿಗೆ ಅದು ನೆಪ ಅಲ್ಲವೇ ಅಲ್ಲ. ಸುಲ್ತಾನ್‌ಪೇಟೆಯಲ್ಲಿ ಅಕ್ಕಪಕ್ಕದ ಮನೆಯವರ ನಡುವೆ ಆದ ಗಾಯ ನಿಜ. ಆದರೆ ಬರೀ ಧರ್ಮ ಎಂದು ಓದಿದರೆ, ಅದೇ ಬೀದಿಯಲ್ಲಿ ಅದಕ್ಕೂ ಮುಂಚೆ ಯಾಕೆ ಇಂಥದ್ದು ಆಗಿರಲಿಲ್ಲ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಮಿಲ್ಲುಗಳ ಕತೆ ನನಗೆ ತುಂಬ ಇಷ್ಟ, ಆದರೆ ಸಮಯ ನೋಡಿಕೊಂಡು ಬೇಗ ಹೇಳುತ್ತೇನೆ. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. ಜನರ ಬಾಯಲ್ಲಿ ಬಿನ್ನಿ ಮಿಲ್ಲು. ಆ ಕಡೆ ರಾಜಾ ಮಿಲ್ಲು, ಈ ಕಡೆ ಮಿನರ್ವ ಮಿಲ್ಲು. ಸಂವಿಧಾನದ ಮೂಲ ರಚನೆಯನ್ನು ಗಟ್ಟಿ ಮಾಡಿದ 1980ರ ಸುಪ್ರೀಂ ಕೋರ್ಟ್ ತೀರ್ಪು ಇದೇ ಮಿನರ್ವ ಮಿಲ್ಲಿನ ಹೆಸರಿನಲ್ಲಿದೆ. ಕಾನೂನು ಓದುವ ಮಕ್ಕಳಿಗೆ ಅದು ಬೆಂಗಳೂರಿನ ಒಂದು ಬಟ್ಟೆ ಗಿರಣಿ ಎಂದು ಹೇಳಿದರೆ ಬೆರಗಾಗುತ್ತಾರೆ. ಈಗ ರಾಜಾ ಮಿಲ್ಲಿನ ಜಾಗದಲ್ಲೂ ಬಿನ್ನಿ ಮಿಲ್ಲಿನ ಜಾಗದಲ್ಲೂ ಮಾಲ್‌ಗಳಿವೆ.

ಸ್ವಾತಂತ್ರ್ಯದ ಮೇಲೆ ಸರ್ಕಾರಿ ಕಾರ್ಖಾನೆಗಳು ಬಂದವು. ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954, ಬಿಇಎಂಎಲ್ 1964. ಎಚ್‌ಎಎಲ್ ಅದಕ್ಕೂ ಮೊದಲು, 1940ರಲ್ಲಿ. ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಭಾಷೆಯಿಂದ ಬಂದ ಲಕ್ಷಾಂತರ ಜನ ಒಂದೇ ಸೈರನ್ನಿಗೆ ಎದ್ದು ಹೊರಟರು. ಈ ಕಾರ್ಖಾನೆಗಳಲ್ಲಿ ಯೂನಿಯನ್ ಇತ್ತು, ಆಯುಧಪೂಜೆ ಇತ್ತು, ಕನ್ನಡ ಸಂಘವೂ ಇತ್ತು. ಒಬ್ಬನೇ ಕಾರ್ಮಿಕ ಮೂರರಲ್ಲೂ ಇರುತ್ತಿದ್ದ. 1980ರ ಡಿಸೆಂಬರ್‌ನಿಂದ 77 ದಿನ ಈ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಅವರಿಗೆ ಹೆಚ್ಚೇನೂ ಸಿಗಲಿಲ್ಲ. ಮುಷ್ಕರ ಮುಗಿದ ಮುಂದಿನ ವರ್ಷ, 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಗೆ ಇದೇ ಊರು ರಾಜ್‌ಕುಮಾರ್ ಹಿಂದೆ ಹೊರಟಿತು. ಇದರಿಂದ ಅದಾಯಿತು ಎಂದು ಗೆರೆ ಎಳೆಯುವುದು ನನಗಿಷ್ಟವಿಲ್ಲ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಓದಬಾರದು ಎಂದಷ್ಟೇ ಹೇಳುತ್ತೇನೆ.

ಕನ್ನಡ ಚಳವಳಿಯ ಬೇರಿನಲ್ಲೂ ಒಂದು ದೇವರ ಉತ್ಸವ ಇದೆ. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಕೊಂಡು ಬಂದ ರಾಮೋತ್ಸವದ ಕಛೇರಿಗಳು. ಅಲ್ಲಿ ಹೊರಗಿನ ವಿದ್ವಾಂಸರಿಗೇ ಮಣೆ, ಕನ್ನಡದ ಕಲಾವಿದರಿಗೆ ಜಾಗವಿಲ್ಲ ಎಂದು 1960ರ ದಶಕದಲ್ಲಿ ಕಾದಂಬರಿಕಾರ ಅನಕೃ ಮುಂದಾಳತ್ವದಲ್ಲಿ ಪ್ರತಿಭಟನೆ ಆಯಿತು. ರಾಮನ ಪೆಂಡಾಲಿನಲ್ಲಿ ಭಾಷೆಯ ಪ್ರಶ್ನೆ ಎದ್ದಿತು. ಅದೇ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕನ್ನಡ ಬಾವುಟಕ್ಕೆ ಆರಿಸಿದ್ದು ಅರಿಶಿನ, ಕುಂಕುಮದ ಬಣ್ಣ. ಈಗ ನವೆಂಬರ್‌ನಲ್ಲಿ ಗಲ್ಲಿ ಗಲ್ಲಿಯ ಹುಡುಗರು ಅಣ್ಣಮ್ಮನನ್ನು ಕೂರಿಸಿ, ಪಕ್ಕದಲ್ಲಿ ಭುವನೇಶ್ವರಿ ಪಟ ಇಟ್ಟು, ಮುಂದೆ ಆರ್ಕೆಸ್ಟ್ರಾ ಹಾಕಿಸಿ ರಾಜ್ಯೋತ್ಸವ ಮಾಡುತ್ತಾರಲ್ಲ, ಅದು ಧಾರ್ಮಿಕ ಕಾರ್ಯಕ್ರಮವೋ ಚಳವಳಿಯೋ ಎಂದು ಕೇಳಿದರೆ ಅವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಅಣ್ಣಮ್ಮನ ಮೂಲ ಗುಡಿ ಇರುವುದು ಧರ್ಮಾಂಬುಧಿ ಕೆರೆಯ ದಂಡೆಯಲ್ಲಿ ಎಂದು ಮಾತ್ರ ಮರೆಯಬೇಡಿ. ಅವಳೂ ಕೆರೆ ಕಳೆದುಕೊಂಡವಳೇ.

ಇಲ್ಲಿಯವರೆಗೆ ದೇವರನ್ನು ಜೊತೆಗಿಟ್ಟುಕೊಂಡ ಚಳವಳಿಗಳನ್ನೇ ಹೇಳಿದೆ. ದೇವರನ್ನು ಬೇಡ ಎಂದ ಚಳವಳಿಯೂ ಇದೆ. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು. ದೇವರ ಪಟಗಳನ್ನು ಮನೆಯಿಂದ ಆಚೆ ಹಾಕಿ ಎಂದು ದಲಿತರಿಗೆ ಕರೆ ಕೊಟ್ಟವರೂ ಅವರೇ. ಎರಡೂ ಒಂದೇ ಮಾತಿನ ಎರಡು ಭಾಗ ಎಂದು ನಾನು ತಿಳಿದಿದ್ದೇನೆ. ನಗರದ ಮಲ ಯಾರ ತಲೆ ಮೇಲೆ ಇರಬೇಕು ಎಂದು ತೀರ್ಮಾನಿಸಿದ್ದು ಯಾವ ನಂಬಿಕೆಯೋ, ಆ ನಂಬಿಕೆಯ ಪಟ ಮನೆಯಲ್ಲಿ ಯಾಕೆ ಎಂಬ ಪ್ರಶ್ನೆ ಅದು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯ ಬೂಸಾ ಎಂದದ್ದಕ್ಕೆ ಗಲಾಟೆಯಾಗಿ ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಪೆಟ್ಟಿನಿಂದ ಎದ್ದ ಯುವಕರು ದಲಿತ ಸಂಘರ್ಷ ಸಮಿತಿ ಕಟ್ಟಿದರು.

ಕೊನೆಯದಾಗಿ ನಮ್ಮ ಕಾಲದ ಒಂದು ಸಂಗತಿ. 2016ರ ಏಪ್ರಿಲ್ 18 ಮತ್ತು 19. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದು ನಿಂತರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮೆಷಿನ್ ತುಳಿಯುವವರು ಎಷ್ಟು ಜನ ಸಿಕ್ಕಾರು? ಕೆಲಸ ಬಿಟ್ಟಾಗ ಸಿಗುವ ಆ ಗಂಟು ಮಗಳ ಮದುವೆಗೋ, ಮಗನ ಫೀಸಿಗೋ, ಕೈಸಾಲಕ್ಕೋ ಹೋಗುವ ದುಡ್ಡು. ಯಾವ ದೊಡ್ಡ ಯೂನಿಯನ್ನಿನ ಕರೆಯೂ ಇರಲಿಲ್ಲ. ಕೆಲವು ಕಡೆ ಕಲ್ಲು ತೂರಾಟ, ಬೆಂಕಿ, ಲಾಠಿ ಎಲ್ಲ ಆಯಿತು. ಎರಡನೇ ದಿನ ಸಂಜೆಯೊಳಗೆ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು.

ಆಗ ಪತ್ರಿಕೆಗಳಲ್ಲಿ ಎಲ್ಲರೂ ಕೇಳಿದ್ದು "ಇವರನ್ನು ಸೇರಿಸಿದವರು ಯಾರು" ಎಂದು. ವಾಟ್ಸ್ಆಪ್ ಅಂದರು, ಕಿಡಿಗೇಡಿಗಳು ಅಂದರು. ಈ ಹೆಂಗಸರು ಮೊದಲೇ ಒಟ್ಟಿಗೆ ಇರುವ ಜಾಗಗಳನ್ನು ಯಾರೂ ನೋಡಲಿಲ್ಲ. ಒಂದೇ ಟೆಂಪೋದಲ್ಲಿ ಹೋಗುತ್ತಾರೆ, ಒಂದೇ ವಠಾರದಲ್ಲಿರುತ್ತಾರೆ, ಒಂದೇ ಚೀಟಿಗೆ ದುಡ್ಡು ಕಟ್ಟುತ್ತಾರೆ. ಮತ್ತೆ, ಎಷ್ಟೋ ಜನ ಒಟ್ಟಿಗೆ ಓಂ ಶಕ್ತಿಗೆ ಮಾಲೆ ಹಾಕುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಕೆಂಪು ಸೀರೆ ಉಟ್ಟು, ಇರುಮುಡಿ ಹೊತ್ತು, ಬಸ್ಸಿಗೆ ಬೇವಿನ ಸೊಪ್ಪು ಕಟ್ಟಿಕೊಂಡು ಹೋಗುವ ಹೆಂಗಸರನ್ನು ನೋಡಿರುತ್ತೀರಿ. ಅವರು ಹೋಗುವುದು ತಮಿಳುನಾಡಿನ ಮೇಲ್ಮರುವತ್ತೂರಿಗೆ. ಅಲ್ಲಿ ಗರ್ಭಗುಡಿಗೆ ಹೆಣ್ಣುಮಕ್ಕಳೇ ಹೋಗಿ ಪೂಜೆ ಮಾಡಬಹುದು. ಜಾತಿ ಕೇಳುವುದಿಲ್ಲ. ಮುಟ್ಟಾಗಿದ್ದರೂ ತಡೆಯುವುದಿಲ್ಲ. ದಿನವಿಡೀ ಸೂಪರ್‌ವೈಸರ್ ಬೈಗುಳ ಕೇಳಿ, ಬಚ್ಚಲಿಗೆ ಹೋಗಲೂ ಅನುಮತಿ ಕೇಳುವ ಹೆಣ್ಣಿಗೆ ಇಂಥ ಒಂದು ದೇವಸ್ಥಾನ ಏನಾಗಿ ಕಾಣಬಹುದು? ಚುನಾವಣೆ ಹತ್ತಿರ ಬಂದರೆ ಬಸ್ಸಿನ ಬಾಡಿಗೆ ರಾಜಕಾರಣಿಗಳೇ ಕೊಡುವುದೂ ಉಂಟು. ಹಾಗಾಗಿ ಇದನ್ನು ಬರೀ ಬಿಡುಗಡೆಯ ಕತೆ ಮಾಡಲು ನಾನು ತಯಾರಿಲ್ಲ. ಓಂ ಶಕ್ತಿಯಿಂದ ಪಿಎಫ್ ಹೋರಾಟ ಹುಟ್ಟಿತು ಎಂದೂ ಹೇಳುವುದಿಲ್ಲ. ಇಬ್ಬರು ಗೆಳತಿಯರು ಒಟ್ಟಿಗೆ ಮಾಲೆ ಹಾಕಿ, ಒಟ್ಟಿಗೆ ಬರಿಗಾಲಲ್ಲಿ ನಡೆದು, ಒಟ್ಟಿಗೆ ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದರೆ, ರಸ್ತೆ ತಡೆಯುವ ದಿನ ಒಬ್ಬಳು ಎದ್ದಾಗ ಇನ್ನೊಬ್ಬಳು ಕೂತಿರುವುದು ಕಷ್ಟ. ನಾನು ಹೇಳುತ್ತಿರುವುದು ಇಷ್ಟೇ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಹಿರಿಯರೊಬ್ಬರು ಕೇಳಿದರು: "ಎಲ್ಲವನ್ನೂ ಕೆರೆ, ಕೆಲಸ, ದುಡ್ಡು ಎಂದು ಬಿಡಿಸಿಬಿಟ್ಟರೆ ಭಕ್ತಿ ಎಲ್ಲಿ ಹೋಯ್ತು ಸ್ವಾಮಿ?" ನ್ಯಾಯವಾದ ಪ್ರಶ್ನೆ. ನಾನು ಹೇಳಿದ ಚರಿತ್ರೆಯಿಂದ ಕರಗ ಯಾಕೆ ಆ ದಾರಿಯಲ್ಲೇ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಬೆಳಗಿನ ಜಾವ ಕಾಟನ್‌ಪೇಟೆಯಲ್ಲಿ ಅದನ್ನು ಕಂಡ ಅಜ್ಜಿ ಯಾಕೆ ಅಳುತ್ತಾರೆ ಎಂದು ಗೊತ್ತಾಗುವುದಿಲ್ಲ. ಅದು ನನ್ನ ವಿದ್ಯೆಯ ಅಳತೆಗೆ ಸಿಗುವುದಲ್ಲ. ಆದರೆ ಆ ಅಜ್ಜಿ ಹಿಂದೆ ಎಲ್ಲಿ ಸೊಪ್ಪು ಬೆಳೆಯುತ್ತಿದ್ದರು, ಈಗ ಎಲ್ಲಿ ಬಾಡಿಗೆಗೆ ಇದ್ದಾರೆ ಎಂದು ತಿಳಿಯದೆ ಅವರ ಭಕ್ತಿಯ ಬಗ್ಗೆ ಬರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು: "ನಮ್ಮ ಏರಿಯಾದ ಬಗ್ಗೆ ಇಂಥದ್ದು ಹುಡುಕಬೇಕು ಅಂದರೆ ಎಲ್ಲಿಂದ ಶುರು ಮಾಡಲಿ ಸರ್?"

ನಿಮ್ಮ ಬೀದಿಯ ಗುಡಿಯಿಂದಲೇ ಶುರು ಮಾಡಮ್ಮ ಅಂದೆ. ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಬೆನ್ನು ಕೊಟ್ಟು ಕೂರುತ್ತಾರೆ. ಮೊದಲು ಇಸವಿ ನೋಡು. ಆಮೇಲೆ ಹೆಸರುಗಳ ಮುಂದೆ ಏನಿದೆ ನೋಡು. ಕೆಲವು ಕಡೆ ಮಿಲ್ಲಿನ ಖಾತೆಯ ಹೆಸರು ಇರುತ್ತದೆ, ಕೆಲವು ಕಡೆ ಆಟೋ ಚಾಲಕರ ಸಂಘ, ಹೂವಿನ ವ್ಯಾಪಾರಿಗಳು, ಕಾರ್ಖಾನೆಯ ಕ್ಯಾಂಟೀನ್ ನೌಕರರು. 101 ರೂಪಾಯಿ ಕೊಟ್ಟವರು ಯಾರು, ಬಾಗಿಲಿಗೆ ಹಿತ್ತಾಳೆ ಹೊದಿಸಿದವರು ಯಾರು, ಯಾವ ವರ್ಷದಿಂದ ಕಾರ್ಪೊರೇಟರ್ ಹೆಸರು ಮೇಲಕ್ಕೆ ಬಂತು, ಎಲ್ಲ ಅಲ್ಲೇ ಇದೆ. ಅರ್ಚಕರನ್ನು ಕೇಳಿ ಒಂದು ಫೋಟೋ ತೆಗೆದುಕೊಂಡು ಬಾ. ಸ್ವಲ್ಪ ಬೇಗ ಹೋಗು. ಈಗ ಎಲ್ಲ ಕಡೆ ಜೀರ್ಣೋದ್ಧಾರ ನಡೆಯುತ್ತಿದೆ, ಮೊದಲು ಟೈಲ್ಸ್ ಹಾಕುವುದು ಆ ಗೋಡೆಗೇ.